ಟಿಇಟಿ ಪಠ್ಯಕ್ರಮ ಹೆಸರು–ಇಸವಿಗಳ ಪಟ್ಟಿಯಲ್ಲ

ಶಿಕ್ಷಕರ ಅರ್ಹತಾ ಪರೀಕ್ಷೆಗೆ ಅರ್ಜಿ ಕರೆದರೆ ಸಾಕು, ಒಂದು ನಂಬಿಕೆ ಮತ್ತೆ ಚಲಾವಣೆಗೆ ಬರುತ್ತದೆ. ಒಂದರಿಂದ ಐದನೇ ತರಗತಿಯವರೆಗಿನ ಪುಸ್ತಕ ತಿರುವಿಹಾಕಿ, ಮನೋವಿಜ್ಞಾನಕ್ಕೆ ಹೆಸರು, ಇಸವಿ, ವ್ಯಾಖ್ಯೆಗಳನ್ನು ಉರು ಹೊಡೆದರೆ ಟಿಇಟಿ ಪಾಸು ಎಂಬ ನಂಬಿಕೆ ಅದು. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಸ್ಕಿನ್ನರನ ಇಲಿ, ಕೋಹ್ಲರನ ಚಿಂಪಾಂಜಿ, ಯಾವುದರ ಪಿತಾಮಹ ಯಾರು: ಅಂಗಡಿಯಲ್ಲಿ ಸಿಗುವ ಗೈಡುಗಳ ಅರ್ಧ ಭಾಗ ಇದೇ. ಇಷ್ಟನ್ನು ನಂಬಿಕೊಂಡು ಡಿ.ಎಡ್., ಬಿ.ಎಡ್. ಮುಗಿಸಿದ ಸಾವಿರಾರು ಜನ ತಿಂಗಳುಗಟ್ಟಲೆ ಸಮಯ ಕಳೆಯುತ್ತಾರೆ. ಪಠ್ಯಕ್ರಮವನ್ನು ಒಮ್ಮೆ ಸಾವಧಾನವಾಗಿ ಓದಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಟಿಇಟಿ ಹುಟ್ಟಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್‌ನಿಂದ. ಅದರಡಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2011ರ ಫೆಬ್ರವರಿ 11ರಂದು ಹೊರಡಿಸಿದ ಮಾರ್ಗಸೂಚಿಯೇ ರಾಜ್ಯಗಳ ಪರೀಕ್ಷೆಗಳಿಗೆಲ್ಲ ಬುನಾದಿ. ಪ್ರಶ್ನೆಗಳು 150, ಅಂಕಗಳೂ 150. ಒಂದರಿಂದ ಐದನೇ ತರಗತಿಗೆ ಕಲಿಸುವವರಿಗೆ ಮೊದಲ ಪತ್ರಿಕೆ, ಆರರಿಂದ ಎಂಟಕ್ಕೆ ಎರಡನೆಯದು. ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರದ 30 ಪ್ರಶ್ನೆಗಳ ಬಗ್ಗೆ ಆ ಮಾರ್ಗಸೂಚಿ ಹೇಳುವುದು ಸ್ಪಷ್ಟವಾಗಿದೆ: ಆಯಾ ವಯಸ್ಸಿನ ಮಕ್ಕಳ ಕಲಿಕೆಯ ಮನೋವಿಜ್ಞಾನ, ಬೇರೆ ಬೇರೆ ಬಗೆಯ ಮಕ್ಕಳ ಅಗತ್ಯಗಳು, ಅವರೊಡನೆ ಶಿಕ್ಷಕರ ಒಡನಾಟ, ಕಲಿಕೆಯನ್ನು ಸುಗಮಗೊಳಿಸುವವರ ಗುಣಗಳು. ಇದರಲ್ಲಿ ಎಲ್ಲಿಯೂ ಇಸವಿಗಳ ಮಾತಿಲ್ಲ.

ಲೆಕ್ಕವನ್ನೂ ನೋಡಿ. ಸಿಬಿಎಸ್‌ಇ ನಡೆಸುವ ಕೇಂದ್ರದ ಸಿಟೆಟ್ ಇದೇ ಮಾರ್ಗಸೂಚಿಯ ಮೇಲೆ ನಿಂತದ್ದು, ಅದರ ಪಠ್ಯಕ್ರಮದಲ್ಲಿ ಒಳಹಂಚಿಕೆಯೂ ಬರೆದಿದೆ. ಮೊದಲ ಪತ್ರಿಕೆಯಲ್ಲಿ ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಈ ನಾಲ್ಕರಲ್ಲೂ 30ಕ್ಕೆ 15 ಪ್ರಶ್ನೆ ಆ ವಿಷಯವನ್ನು ಕಲಿಸುವ ಬಗೆಗೆ ಸಂಬಂಧಿಸಿದ್ದು. ಆ 60ಕ್ಕೆ ಶಿಶು ವಿಕಸನದ 30 ಸೇರಿಸಿದರೆ 90. ಸಾಮಾನ್ಯ ವರ್ಗದ ಅಭ್ಯರ್ಥಿ ಉತ್ತೀರ್ಣನಾಗಲು ಬೇಕಾದ ಶೇ 60 ಎಂದರೂ 90 ಅಂಕವೇ. ಬೋಧನಾ ಶಾಸ್ತ್ರವನ್ನು ಬದಿಗಿಟ್ಟು ಉಳಿದದ್ದೆಲ್ಲವನ್ನೂ ತಪ್ಪಿಲ್ಲದೆ ಬರೆದವರಿಗೂ ಸಿಗುವುದು 60 ಅಂಕ ಮಾತ್ರ. ಎರಡನೇ ಪತ್ರಿಕೆಯಲ್ಲೂ ಇಂಥ ಪ್ರಶ್ನೆಗಳು 80 ಇವೆ.

ಈ ಬಗೆಯ ಪ್ರಶ್ನೆ ಹೇಗಿರುತ್ತದೆ? ಮೂರನೇ ತರಗತಿಯ ಮಗು 52ರಿಂದ 17 ಕಳೆದು 45 ಎಂದು ಬರೆದಿದೆ ಎನ್ನಿ. ಬಿಡಿ ಸ್ಥಾನದಲ್ಲಿ 2ರಿಂದ 7 ಕಳೆಯಲಾಗದೆ ಅದು 7ರಿಂದ 2 ಕಳೆದು 5 ಬರೆಯಿತು. ಹತ್ತರ ಸ್ಥಾನದಲ್ಲಿ 5ರಿಂದ 1 ಹೋಗಿ 4. ಶಿಕ್ಷಕಿ ಮುಂದೇನು ಮಾಡಬೇಕು? ಇನ್ನೂ ಹತ್ತು ಲೆಕ್ಕ ಕೊಡಬೇಕೇ, ಗಮನವಿಟ್ಟು ಮಾಡು ಎನ್ನಬೇಕೇ, ಕಳೆಯುವ ಮಗ್ಗಿಯನ್ನು ಮತ್ತೆ ಹೇಳಿಸಬೇಕೇ, ಹತ್ತತ್ತು ಕಡ್ಡಿಯ ಕಟ್ಟುಗಳನ್ನು ಕೈಗೆ ಕೊಟ್ಟು ಒಂದು ಕಟ್ಟನ್ನು ಬಿಚ್ಚಿಸಬೇಕೇ? ಮಗುವಿಗೆ ಕಳೆಯುವುದು ಬರುತ್ತದೆ, ಎರಡು ಕಡೆಯೂ ಸರಿಯಾಗಿಯೇ ಕಳೆದಿದೆ. ಗೊತ್ತಿಲ್ಲದ್ದು ಸ್ಥಾನಬೆಲೆ. ಹಾಗಾಗಿ ಉತ್ತರ ಕಡ್ಡಿಯ ಕಟ್ಟು. ಪಿಯಾಜೆಯ ಪ್ರಕಾರ ಸುಮಾರು ಏಳರಿಂದ ಹನ್ನೊಂದು ವರ್ಷದವರೆಗೆ ಮೂರ್ತ ಕಾರ್ಯಾತ್ಮಕ ಹಂತ ಎಂಬುದನ್ನು ಬಾಯಿಪಾಠ ಮಾಡಿದವರಿಗೆ ಹಂತದ ಹೆಸರು ಗೊತ್ತಿರುತ್ತದೆ. ಆ ವಯಸ್ಸಿನ ಮಗು ಕೈಯಲ್ಲಿ ಹಿಡಿದ ವಸ್ತುವಿನ ಮೂಲಕ ಯೋಚಿಸುತ್ತದೆ ಎಂಬ ಅರ್ಥ ತಿಳಿದವರಿಗೆ ಮಾತ್ರ ಈ ಪ್ರಶ್ನೆ ಬಿಡಿಸಲು ಬರುತ್ತದೆ. ವೈಗೋಟ್ಸ್ಕಿಯ ಸಮೀಪಸ್ಥ ವಿಕಾಸ ವಲಯವೂ ಹಾಗೆಯೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ–ಕಲಿಯ ತರಗತಿಯಲ್ಲಿ ಬೇರೆ ಬೇರೆ ಹಂತದ ಮಕ್ಕಳು ಒಟ್ಟಿಗೆ ಕೂತು, ಮುಂದಿದ್ದವರ ನೆರವಿನಿಂದ ಹಿಂದಿದ್ದವರು ಕಲಿಯುವುದನ್ನು ಅರ್ಥಮಾಡಿಕೊಂಡವರಿಗೆ ಅದರ ವ್ಯಾಖ್ಯೆಯನ್ನು ಉರು ಹೊಡೆಯುವ ಕಷ್ಟವೇ ಇಲ್ಲ.

ಹೆಸರು ಕೇಳುವ ಪ್ರಶ್ನೆಗಳೂ ಬರುತ್ತವಲ್ಲ ಎಂದು ಕೆಲವರು ವಾದಿಸುತ್ತಾರೆ. ಬರುತ್ತವೆ, ನಿಜ. ಪ್ರಶ್ನೆಪತ್ರಿಕೆ ತಯಾರಿಸುವವರು ಸುಲಭದ ದಾರಿ ಹಿಡಿದಾಗ ಬಂದೇ ಬರುತ್ತವೆ, ಅದು ಪತ್ರಿಕೆಯ ದೋಷ. ಆದರೆ ಆ ಕೆಲವು ಅಂಕಗಳನ್ನು ನೆಚ್ಚಿ ಓದಿನ ದಿಕ್ಕನ್ನೇ ಬದಲಿಸುವುದು ಲೆಕ್ಕ ತಪ್ಪಿದ ಕೆಲಸ. ನಾಲ್ಕು ಆಯ್ಕೆಯ ಪ್ರಶ್ನೆಯಿಂದ ಕಲಿಸುವ ಕೌಶಲ ಅಳೆಯಲಾಗದು ಎಂಬ ಇನ್ನೊಂದು ಆಕ್ಷೇಪ ಬಹುಪಾಲು ಸರಿ. ಅದು ಪರೀಕ್ಷೆಯ ಮಿತಿಯನ್ನು ಹೇಳುತ್ತದೆಯೇ ಹೊರತು ಉರು ಹೊಡೆಯುವುದನ್ನು ಸಮರ್ಥಿಸುವುದಿಲ್ಲ. ಇನ್ನು ‘ಪಠ್ಯಕ್ರಮದ ಹೊರಗಿನಿಂದ ಕೇಳಿದರು’ ಎಂಬ ಪ್ರತಿ ವರ್ಷದ ದೂರಿಗೆ ಉತ್ತರ ಅದೇ 2011ರ ಮಾರ್ಗಸೂಚಿಯಲ್ಲಿದೆ: ಮೊದಲ ಪತ್ರಿಕೆಯ ವಿಷಯಗಳು ರಾಜ್ಯದ ಒಂದರಿಂದ ಐದರ ಪಠ್ಯದವು, ಕಠಿಣತೆ ಮಾತ್ರ ಪ್ರೌಢಶಾಲಾ ಹಂತದವರೆಗೂ ಹೋಗಬಹುದು. ಎರಡನೇ ಪತ್ರಿಕೆಯದ್ದು ಪಿಯುಸಿ ಮಟ್ಟದವರೆಗೆ.

ಉಳಿದ ತಪ್ಪು ತಿಳಿವಳಿಕೆಗಳಿಗೆ ಹೆಚ್ಚು ಜಾಗ ಬೇಡ. ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಸ್ಸು ಎಂಬುದು ಹಳೆಯ ಮಾತು. 2021ರಲ್ಲಿ ಕೇಂದ್ರ ಅದನ್ನು ಜೀವನಪರ್ಯಂತ ಎಂದು ಮಾಡಿತು, ಅದೂ 2011ರಿಂದಲೇ ಅನ್ವಯವಾಗುವಂತೆ. ಟಿಇಟಿ ಪಾಸಾದರೆ ಕೆಲಸ ಸಿಕ್ಕಿದಂತಲ್ಲ, ನೇಮಕಾತಿ ಪರೀಕ್ಷೆ ಬೇರೆಯೇ ಇದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬಿ.ಎಡ್. ಇದ್ದರೆ ಕಿರಿಯ ಪ್ರಾಥಮಿಕಕ್ಕೂ ಅರ್ಹ ಎಂಬುದನ್ನು 2023ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ತಳ್ಳಿಹಾಕಿದೆ.

ಇವೆಲ್ಲ ಅಧಿಕೃತ ಪತ್ರಗಳಲ್ಲೇ ಇರುವ ಸಂಗತಿಗಳು. ಆದರೂ ಜನ ನಂಬುವುದು ಟೆಲಿಗ್ರಾಂ ಗುಂಪಿಗೆ ಬಂದ ಪಿಡಿಎಫ್ಫನ್ನು, ‘ಇಷ್ಟು ಓದಿದರೆ ಸಾಕು’ ಎನ್ನುವ ಯೂಟ್ಯೂಬ್ ವಿಡಿಯೊವನ್ನು. ನಾಳೆ ಮಕ್ಕಳಿಗೆ ‘ಏಕೆ’ ಎಂದು ಕೇಳಲು ಕಲಿಸಬೇಕಾದವರೇ ಮೂಲವನ್ನು ತೆರೆದು ನೋಡದೆ ಕೇಳಿದ್ದನ್ನು ನಂಬುವುದು ನಿಜಕ್ಕೂ ನೋವಿನ ಸಂಗತಿ. ಈಗಂತೂ ವಿಷಯ ಇನ್ನೂ ಗಂಭೀರ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿಯಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ನಿಂತವರು ಪಿತಾಮಹರ ಪಟ್ಟಿ ಹಿಡಿದು ಹೆದರಿ ಕೂರುವಂತಾಗಬಾರದು. ಮಕ್ಕಳ ತಪ್ಪುಗಳನ್ನು ದಿನವೂ ತಿದ್ದುವ ಅವರ ಅನುಭವವೇ ಈ ಪಠ್ಯಕ್ರಮದ ದೊಡ್ಡ ಭಾಗ. ಅದಕ್ಕೆ ಶಾಸ್ತ್ರದ ಪರಿಭಾಷೆಯನ್ನು ಜೋಡಿಸಿಕೊಡುವ, ಪ್ರತಿ ಘಟಕಕ್ಕೂ ವಿವರಣೆ ಸಹಿತ ಮಾದರಿ ಪ್ರಶ್ನೆಗಳಿರುವ ಕೈಪಿಡಿಯನ್ನು ಇಲಾಖೆಯೇ ಕನ್ನಡದಲ್ಲಿ ಪ್ರತಿ ಶಾಲೆಗೂ ತಲುಪಿಸಬೇಕು.