ಮುಗಿಯದ ಹರಟೆಕಟ್ಟೆ

ಹಗರಿ ಸೀಮೆಯ ಮೋಕದಂಥ ಊರುಗಳಲ್ಲಿ ಸಂಜೆಯ ಹರಟೆಗೆ ಕಟ್ಟೆಯೇ ಜಾಗ. ಹತ್ತಿಗೆ ಬಿದ್ದ ಹುಳು, ಕಾಲುವೆ ನೀರು, ಯಾರದೋ ಮನೆಯ ಮದುವೆ, ಎಲ್ಲವೂ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಅಲ್ಲಿ ಬಂದುಹೋಗುತ್ತವೆ. ಈ ಹರಟೆಗೂ ಸೆಳೆತವುಂಟು. ಆದರೆ ಊಟದ ಹೊತ್ತಾದರೆ ಕಟ್ಟೆ ತಾನಾಗಿ ಬರಿದಾಗುತ್ತದೆ. ಕಿಸೆಯಲ್ಲಿರುವ ಹೊಸ ಕಟ್ಟೆ ಬರಿದಾಗುವುದೇ ಇಲ್ಲ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧಾರಣೆ ನೋಡಲೆಂದು ಫೋನ್ ತೆರೆದ ರೈತ ಅರ್ಧ ಗಂಟೆಯ ಮೇಲೂ ಯಾರದೋ ಕುಣಿತ ನೋಡುತ್ತಿರುತ್ತಾನೆ, ಧಾರಣೆ ಮರೆತೇಹೋಗಿರುತ್ತದೆ.

ಇದೇಕೆ ಹೀಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ನಡೆಸಿದ ಪ್ರಯೋಗಗಳಲ್ಲಿ ಇದರ ಸುಳಿವಿದೆ. ಗುಂಡಿ ಒತ್ತಿದಾಗಲೆಲ್ಲ ಕಾಳು ಬೀಳುವಂತಿದ್ದರೆ ಪ್ರಾಣಿ ಹಸಿವಾದಾಗ ಮಾತ್ರ ಒತ್ತುತ್ತದೆ. ಯಾವಾಗ ಬೀಳುತ್ತದೆಂದು ಗೊತ್ತಾಗದಂತೆ ಮಾಡಿದರೋ, ಬಿಡದೆ ಒತ್ತುತ್ತಲೇ ಇರುತ್ತದೆ. ಬಳ್ಳಾರಿ ಸೀಮೆಯವರಿಗೆ ಇದನ್ನು ತಿಳಿಸಲು ಇಲಿಯೂ ಬೇಡ, ಮಟ್ಕಾ ಸಾಕು. ದಿನವೂ ಗೆಲ್ಲುವಂತಿದ್ದರೆ ಅದು ಕೂಲಿಯಾಗುತ್ತಿತ್ತು, ಎಂದೂ ಗೆಲ್ಲದಿದ್ದರೆ ಜನ ಬಿಟ್ಟುಬಿಡುತ್ತಿದ್ದರು. ಎಂದೋ ಒಮ್ಮೆ ಅಂಕಿ ಹತ್ತುವುದರಿಂದಲೇ ಮನೆ ಮುಳುಗುವುದು. ನಮ್ಮ ಫೋಟೋಗೆ ಎಷ್ಟು ಮೆಚ್ಚುಗೆ ಬಂದೀತು, ಮುಂದಿನ ವಿಡಿಯೋ ಏನಿದ್ದೀತು ಎಂಬುದೂ ಅದೇ ಬಗೆಯ ಅಂಕಿ. ಹಣ ಹೋಗುವುದಿಲ್ಲ, ಹೊತ್ತು ಹೋಗುತ್ತದೆ.

ಈ ಗುಣ ಮೊದಲಿನಿಂದಲೂ ಇಷ್ಟು ಬಲವಾಗಿರಲಿಲ್ಲ. 2004ರಲ್ಲಿ ಆರಂಭವಾಗಿ 2014ರಲ್ಲಿ ಮುಚ್ಚಿದ ಆರ್ಕುಟ್‌ನಲ್ಲಿ ಪುಟ ಮುಗಿಯುತ್ತಿತ್ತು, ಮುಂದಿನ ಪುಟಕ್ಕೆ ಹೋಗಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ಪುಟವೇ ಮುಗಿಯದ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅದಕ್ಕಾಗಿ ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. 2009ರಲ್ಲಿ ಫೇಸ್‌ಬುಕ್ 'ಲೈಕ್' ಗುಂಡಿ ತಂದಿತು. 2014ರಲ್ಲಿ ವಾಟ್ಸ್ಯಾಪ್‌ನ ನೀಲಿ ಗುರುತು ಬಂದು, ಓದಿಯೂ ಉತ್ತರಿಸದವರ ಮೇಲೆ ಮುನಿಯುವುದಕ್ಕೆ ಹೊಸ ಕಾರಣ ಸಿಕ್ಕಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ಅಗ್ಗವಾಗಿ ಹಳ್ಳಿಹಳ್ಳಿಗೂ ಹೊಕ್ಕಿತು. ಈ ತಾಣಗಳಿಗೆ ನಾವು ಕಾಸು ಕೊಡುವುದಿಲ್ಲ. ಅವುಗಳ ಆದಾಯ ಬಹುಪಾಲು ಜಾಹೀರಾತಿನದು. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಅವರಿಗೆ ಲಾಭ. ಮನುಷ್ಯ ಮನಸ್ಸಿನ ದೌರ್ಬಲ್ಯವನ್ನು ತಿಳಿದೇ ಬಳಸಿಕೊಂಡೆವೆಂದು ಫೇಸ್‌ಬುಕ್‌ನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ ಒಪ್ಪಿಕೊಂಡಿದ್ದರು.

ಹಾಗೆಂದು ಎಲ್ಲವನ್ನೂ ಚಟವೆಂದು ಬೈಯುವುದು ನ್ಯಾಯವಲ್ಲ. ಊರಿನ ಕಟ್ಟೆ ಗಂಡಸರದು. ಹೆಂಗಸರು, ಹರೆಯದ ಹುಡುಗಿಯರು ಅಲ್ಲಿ ಕೂತು ಹರಟಿದ್ದನ್ನು ಕಂಡವರು ಕಡಿಮೆ. ಮದುವೆಯಾಗಿ ದೂರ ಹೋದ ಗೆಳತಿಯನ್ನು ಮತ್ತೆ ಹುಡುಕಿಕೊಟ್ಟದ್ದು ಈ ಫೋನೇ. ಕೈಯಲ್ಲಿ ಫೋನ್ ಕಂಡೊಡನೆ ಮಗಳನ್ನು ಗದರಿಸುವ ಅಪ್ಪಂದಿರು ತಾವು ಕಟ್ಟೆಯ ಮೇಲೆ ಕಳೆದ ಸಂಜೆಗಳನ್ನೂ ಲೆಕ್ಕ ಹಾಕಬೇಕು.

ವೈದ್ಯರೂ ಇಲ್ಲಿ ಎಚ್ಚರದಿಂದಲೇ ಮಾತಾಡುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ವಿಡಿಯೋ ಆಟದ ಗೀಳಿಗೆ ಸ್ಥಾನವಿದೆ, ಸಾಮಾಜಿಕ ಜಾಲತಾಣದ ಗೀಳಿಗೆ ಪ್ರತ್ಯೇಕ ಹೆಸರಿಲ್ಲ. ಆದರೂ ನರಳುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಿತು. ಎಷ್ಟು ಗಂಟೆ ನೋಡುತ್ತೀರಿ ಎಂಬುದೊಂದೇ ಅಲ್ಲಿ ಅಳತೆಗೋಲಲ್ಲ. ಬಿಡಬೇಕೆಂದರೂ ಹಿಡಿತ ಸಿಗುತ್ತಿಲ್ಲವೇ, ನಿದ್ದೆ, ಓದು, ದುಡಿಮೆ ಕೆಡುತ್ತಿವೆಯೇ, ಯಾವ ಬೇಸರ ಮರೆಯಲು ಫೋನಿಗೆ ಕೈಹೋಗುತ್ತಿದೆ ಎಂಬುದೂ ಮುಖ್ಯ. ಒಂಟಿತನವೋ ಖಿನ್ನತೆಯೋ ಒಳಗಿದ್ದರೆ ಫೋನ್ ಕಸಿದುಕೊಂಡು ಪ್ರಯೋಜನವಿಲ್ಲ. ಮೋಕದಿಂದ ಬೆಂಗಳೂರು ದೂರವಾದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆಮಾಡಿದರೆ (ಅದಕ್ಕೂ ಫೋನೇ ಬೇಕೆನ್ನಿ) ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಆಪ್ತಸಲಹೆ ಪಡೆಯಬಹುದು.