ಒಂದೂವರೆ ಗಂಟೆಯ ಹಾದಿ ನಿಜಕ್ಕೂ ಎಷ್ಟು ದೂರ?

ಕೆನಡಾದ ನುನಾವುಟ್ ಪ್ರದೇಶದ ಉತ್ತರ ಭಾಗದಲ್ಲಿರುವ ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್ ಊರುಗಳ ವಿಮಾನ ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 385 ಕಿ.ಮೀ. ರೇಖಾಂಶಗಳನ್ನು ಸಮಾನಾಂತರವಾಗಿ ಬಿಡಿಸುವ, ಶಾಲೆಯ ಗೋಡೆಯ ಮರ್ಕೇಟರ್ ನಕ್ಷೆಯಲ್ಲಿ ಇದು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ. ಎರಡೂರಿನ ನಡುವಿನ 12 ಡಿಗ್ರಿ ರೇಖಾಂಶ ಸಮಭಾಜಕದ ಮೇಲಾಗಿದ್ದರೆ 1,300 ಕಿ.ಮೀ. ದಾಟುತ್ತಿತ್ತು, ಧ್ರುವದ ಹತ್ತಿರ ರೇಖೆಗಳು ಒತ್ತೊತ್ತಾಗುವುದರಿಂದ ಇಲ್ಲಿ ಆ ಪೂರ್ವ-ಪಶ್ಚಿಮ ಅಂತರ 335ರ ಆಸುಪಾಸಿಗೆ ಇಳಿದಿದೆ. ಗಂಟೆಗೆ 300 ಕಿ.ಮೀ.ಗಿಂತ ತುಸು ಕಡಿಮೆ ವೇಗದಲ್ಲಿ ಹಾರುವ ಟ್ವಿನ್ ಆಟರ್ ಎಂಬ ಪುಟ್ಟ ವಿಮಾನಕ್ಕೆ ಊರಿಂದೂರಿಗೆ ಒಂದೂವರೆ ಗಂಟೆಯ ಹಾದಿ. ಆದರೆ ನಕ್ಷೆ ಹಿಗ್ಗಿಸಿ ಸುಳ್ಳು ಹೇಳಿದರೆ, ಹಾರಾಟದ ಸಮಯ ಕುಗ್ಗಿಸಿ ಸುಳ್ಳು ಹೇಳುತ್ತದೆ.

ರೆಸಲ್ಯೂಟ್‌ನ ಜಲ್ಲಿಯ ರನ್‌ವೇ ಸುಮಾರು 2 ಕಿ.ಮೀ. ಉದ್ದವಿದೆ, ಜೆಟ್‌ಗಳೂ ಅಲ್ಲಿ ಇಳಿದಿವೆ. ಗ್ರೀಸ್ ಫಿಯರ್ಡ್‌ನದು ಅರ್ಧ ಕಿ.ಮೀ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ, ನಡುವಿನ ಪಟ್ಟಿಯಲ್ಲೇ ಊರು. ಪೈಲಟ್‌ ಬೆಟ್ಟಗಳ ಮಗ್ಗುಲಲ್ಲೇ ವಿಮಾನ ತಿರುಗಿಸಿ ಇಳಿಸಬೇಕು, ಅದಕ್ಕೆ ನೆಲ ಕಣ್ಣಿಗೆ ಕಾಣಬೇಕು. ಮಂಜು ಕವಿದರೆ, ಗಾಳಿ ಅಡ್ಡ ಬೀಸಿದರೆ ಹಾರಾಟವಿಲ್ಲ. ಹವೆ ಕೆಟ್ಟರೆ ಎಲ್ಲ ಊರಲ್ಲೂ ವಿಮಾನ ತಡವಾಗುತ್ತದಲ್ಲ ಎನ್ನಬಹುದು. ಹೌದು, ಆದರೆ ಬೇರೆಡೆ ವಿಮಾನ ತಪ್ಪಿದವರಿಗೆ ಬಸ್ಸೋ ರೈಲೋ ಇರುತ್ತದೆ. ಇಲ್ಲಿ ರಸ್ತೆಯೇ ಇಲ್ಲ. ವರ್ಷದ ಬಹುಪಾಲು ಸಮುದ್ರ ಹೆಪ್ಪುಗಟ್ಟಿರುತ್ತದೆ, ಸರಕಿನ ಹಡಗು ಬರುವುದು ಬೇಸಿಗೆಯಲ್ಲಿ ಒಮ್ಮೆ. ಜಿಪಿಎಸ್ ಬಂದಿದೆಯಲ್ಲ ಎಂಬ ಮಾತಿಗೂ ಉತ್ತರವಿದೆ: ಉಪಗ್ರಹ ದಾರಿ ತೋರಿಸೀತು, ಬೆಟ್ಟವನ್ನು ಸರಿಸಲಾರದು. ಹಾಗಾಗಿ ಇಲ್ಲಿನ ದೂರವನ್ನು ಅಳೆಯಬೇಕಾದದ್ದು ಹಾರಿದ ಗಂಟೆಗಳಿಂದಲ್ಲ, ಕಾದ ದಿನಗಳಿಂದ.

2021ರ ಜನಗಣತಿಯಲ್ಲಿ ಗ್ರೀಸ್ ಫಿಯರ್ಡ್‌ನಲ್ಲಿದ್ದವರು 144 ಜನ. ಇಷ್ಟು ಮಂದಿಗಾಗಿ ದುಬಾರಿ ವಿಮಾನಸೇವೆ ಏಕೆ, ದಕ್ಷಿಣಕ್ಕೆ ಬಂದು ನೆಲೆಸಬಾರದೇ ಎಂದು ಲೆಕ್ಕಾಚಾರದವರು ಕೇಳುವುದುಂಟು. ಆ ಪ್ರಶ್ನೆ ಸರ್ಕಾರಕ್ಕೆ ಸಲ್ಲಬೇಕು, ಜನರನ್ನು ಇಲ್ಲಿಗೆ ತಂದದ್ದೇ ಅದು. ನಾರ್ವೆಯ ಅನ್ವೇಷಕ ಒಟ್ಟೊ ಸ್ವೆರ್ಡ್ರುಪ್ ವಾಲ್ರಸ್‌ಗಳ ಗುಟುರು ಹಂದಿಯಂತೆ ಕೇಳಿತೆಂದು ‘ಹಂದಿ ಕೊಲ್ಲಿ’ ಎಂದು ಹೆಸರಿಟ್ಟ ಜಾಗ ಇದು. ಮೂಲನಿವಾಸಿಗಳಾದ ಇನ್ಯೂಟರು ಕರೆಯುವುದು ಔಯುಯಿಟ್ಟುಕ್, ಎಂದೂ ಕರಗದ ನೆಲ.  1953ರಲ್ಲಿ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದಲೂ ಪಾಂಡ್ ಇನ್ಲೆಟ್‌ನಿಂದಲೂ ಇನ್ಯೂಟ್ ಕುಟುಂಬಗಳನ್ನು ಸರ್ಕಾರ ಹಡಗು ಹತ್ತಿಸಿತು. ಬೇಟೆ ಹೇರಳ, ಬೇಡವೆನಿಸಿದರೆ ಎರಡು ವರ್ಷಕ್ಕೆ ಮರಳಬಹುದು ಎಂದು ಅಧಿಕಾರಿಗಳು ಮಾತು ಕೊಟ್ಟಿದ್ದರು. ಆ ಮಾತು ನಡೆಯಲಿಲ್ಲ. ತಮ್ಮನ್ನು ಬೇರೆಬೇರೆ ಕಡೆ ಇಳಿಸುತ್ತಾರೆಂಬುದು ಅವರಿಗೆ ತಿಳಿದದ್ದೇ ಹಡಗಿನಲ್ಲಿ. ಬಂಧುಬಳಗ ಎರಡಾಗಿ ಕೆಲವರು ರೆಸಲ್ಯೂಟ್‌ಗೆ, ಕೆಲವರು ಎಲ್ಸ್‌ಮಿಯರ್ ದ್ವೀಪದ ಗ್ರೀಸ್ ಫಿಯರ್ಡ್ ಕಡೆಗೆ ಬಂದರು. ಅಂದರೆ ಈ 385 ಕಿ.ಮೀ. ಭೂಗೋಳ ಕೊಟ್ಟ ಅಂತರವಷ್ಟೇ ಅಲ್ಲ, ಕಚೇರಿಯೊಂದು ಸಂಬಂಧಿಕರ ನಡುವೆ ಎಳೆದ ಗೆರೆ. ವಿಮಾನ ಆ ಗೆರೆಯನ್ನು ಆಗಾಗ ಹೊಲಿಯುತ್ತದೆ, ಹವೆ ಬಿಟ್ಟಾಗ ಮಾತ್ರ. ಆ ವಿಮಾನಸೇವೆಯನ್ನು ಖರ್ಚೆನ್ನುವುದಕ್ಕಿಂತ ಸಾಲದ ಕಂತು ಎನ್ನುವುದು ಸರಿ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅದೇ ವರ್ಷ ಎರಡೂ ಊರುಗಳಲ್ಲಿ ಕಲ್ಲಿನ ಸ್ಮಾರಕಗಳು ನಿಂತವು: ಗ್ರೀಸ್ ಫಿಯರ್ಡ್‌ನಲ್ಲಿ ಮಗು, ನಾಯಿಯೊಂದಿಗೆ ರೆಸಲ್ಯೂಟ್‌ನತ್ತ ನೋಡುವ ಹೆಂಗಸು, ರೆಸಲ್ಯೂಟ್‌ನಲ್ಲಿ ಗ್ರೀಸ್ ಫಿಯರ್ಡ್‌ನತ್ತ ನೋಡುವ ಒಬ್ಬಂಟಿ ಗಂಡಸು.