ಕಾಲಿನ ಸಿರೆ ಎದೆಗೆ ಬಂದಾಗ

ಬೈಪಾಸ್ ಆದವರ ಕಾಲು ನೋಡಿದ್ದೀರಾ? ಎಷ್ಟೋ ಜನಕ್ಕೆ ಹಿಮ್ಮಡಿ ಗಂಟಿನಿಂದ ಮೇಲಕ್ಕೆ ಉದ್ದಕ್ಕೂ ಹೊಲಿಗೆ ಗುರುತು. ಆಪರೇಷನ್ ಹೃದಯಕ್ಕೆ, ಗಾಯ ಕಾಲಿಗೆ!

ಅಲ್ಲಿಂದ ತೆಗೆದ ಸಿರೆಯೇ ಹೃದಯದ ಕಟ್ಟಿಕೊಂಡ ರಕ್ತನಾಳವನ್ನು ಬಳಸಿ ಹೋಗುವ ಹೊಸ ದಾರಿ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಇದನ್ನು ರೂಢಿಗೆ ತಂದವರು ಅರ್ಜೆಂಟೀನಾದ ಡಾಕ್ಟರ್ ರೆನೆ ಫವಲೊರೊ. ಸಿರೆಯೊಳಗೆ ಒಂದೇ ಕಡೆ ತೆರೆಯುವ ಕವಾಟಗಳಿರುತ್ತವೆ. ಹಾಗಾಗಿ ತಲೆಕೆಳಗು ಮಾಡಿ ಹೊಲೀತಾರೆ.

ಕಷ್ಟ ಇರೋದು ರಕ್ತದ ಒತ್ತಡದಲ್ಲಿ. ಮಲಗಿದಾಗ ಕಾಲಿನ ಸಿರೆಯಲ್ಲಿ ಅದು ಬಿಪಿ ಲೆಕ್ಕದಲ್ಲಿ 10ರ ಆಸುಪಾಸು. ಹೃದಯದ ಮೇಲೆ ಒಂದೇ ಏಟಿಗೆ 120. ಗದ್ದೆ ಕಾಲುವೆಗೆ ಅಣೆಕಟ್ಟಿನ ಗೇಟು ತೆಗೆದ ಹಾಗೆ! ಸಿರೆಯ ಗೋಡೆ ಹಿಗ್ಗಿದರೆ ಅದರ ಸ್ನಾಯು ಬಿಗಿದುಕೊಳ್ಳೋಕೆ ನೋಡುತ್ತೆ. ಅದನ್ನು ಸಡಿಲಿಸೋದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಒಳಪದರ. ರಕ್ತ ಉಜ್ಜಿಕೊಂಡು ಹರಿದರೆ ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ಸ್ನಾಯು ಮೆತ್ತಗಾಗುತ್ತೆ.

ಸಿರೆ ಬಿಡಿಸುವಾಗಲೇ ಸೆಟೆದುಕೊಳ್ಳೋದೂ ಉಂಟು. ಆಗ ಸಿರಿಂಜಿನಿಂದ ದ್ರವ ತುಂಬಿ ಉಬ್ಬಿಸ್ತಾರೆ; ಕೈ ಜೋರಾದರೆ ಆ ಒಳಪದರಕ್ಕೇ ಪೆಟ್ಟು. ಸ್ವೀಡನ್ನಿನ ಓರೆಬ್ರೊದ ವೈದ್ಯರು ಸುತ್ತಲಿನ ಕೊಬ್ಬಿನ ಸಮೇತ, ಸಿರೆಯನ್ನೇ ಮುಟ್ಟದೆ ತೆಗೆಯೋ ಕ್ರಮ ತಂದರು. ನನಗಂತೂ ಇದೇ ಜಾಣತನ ಅನ್ನಿಸುತ್ತೆ.

ಮನೇಲಿ ಬೈಪಾಸ್ ಆದವರಿದ್ದರೆ, ಈ ಹೊಸ ದಾರಿ ಕಟ್ಟಿಕೊಳ್ಳದಂತೆ ಕೊಡುವ ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆಗಳನ್ನ ಡಾಕ್ಟರನ್ನ ಕೇಳದೆ ನಿಲ್ಲಿಸೋಕೆ ಬಿಡಬೇಡಿ.